ಹೆಬ್ಬೆರಳಿನ ಶಾಯಿ

ನರ್ಸಕ್ಕಾ,

ನೀವು ಎಲ್ಲಿದ್ದೀರೋ ಗೊತ್ತಿಲ್ಲ. ಗೊತ್ತಿದ್ದರೂ ಇದನ್ನು ಕಳಿಸುವ ಧೈರ್ಯ ನನಗಿಲ್ಲ.

ದಡಾರದ ಚುಚ್ಚುಮದ್ದು ಹಾಕಿಸಿಕೊಂಡ ಮಕ್ಕಳ ಹೆಬ್ಬೆರಳಿಗೆ ನೀವು ಶಾಯಿ ಹಚ್ಚುತ್ತಿದ್ದಿರಲ್ಲ, ಮದ್ದಿನಿಂದ ಮಕ್ಕಳಿಗೆ ಕೆಡುಕಾಗುತ್ತೆ ಎಂಬ ಬೀದಿಯವರ ಮಾತಿಗೆ ಹೆದರಿ, ಮಗಳಿಗೆ ಚುಚ್ಚಿಸದೆಯೇ ಅದನ್ನು ನಾನೇ ಹಚ್ಚಿ ತೋರಿಸಿದ್ದೆ. "ಶಾಲೇಲೇ ಹಾಕಿಸ್ಕೊಂಡ್ಯಾ? ಅಳಲಿಲ್ವಾ? ಗಟ್ಟಿಗಿತ್ತಿ!" ಎಂದು ಅವಳ ಕೆನ್ನೆ ಸವರಿ ಮುಂದಿನ ಮನೆಗೆ ಹೋದಿರಿ.

ಹೋದ ವಾರ ಅವಳು ದಡಾರದಿಂದ ತೀರಿಕೊಂಡಳು.

ಇವತ್ತು ಚುಚ್ಚುಮದ್ದಿನವರು ಮತ್ತೆ ಬಂದಿದ್ದರು. ಶಾಯಿಯ ವಿಷಯ ಗೊತ್ತಿಲ್ಲದ ನನ್ನತ್ತೆ ಬೀದಿಯಲ್ಲೇ ನಿಂತು, "ನಮ್ಮ ಕೂಸಿಗೂ ಹಾಕಿಸಿದ್ವಲ್ಲ, ನಿಮ್ಮ ಮದ್ದು ಏನು ಕಡಿದು ಕಟ್ಟೆ ಹಾಕ್ತು?" ಎಂದು ಕೂಗಿದರು. ಪಕ್ಕದ ಮನೆಯವಳು ಮಗನನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಹೌದಾ ಅಕ್ಕಾ? ನೀವೇ ಹೇಳಿ" ಎಂದಳು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಹೌದೆಂದೆ.

ಅವಳು ಮಗನನ್ನು ಎತ್ತಿಕೊಂಡೇ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.