ಭಾನುಪ್ರಿಯಾಳ ಪುಟಕ್ಕೆ ಹೊಣೆ ಯಾರು?

ನಗರದ ಉಚಿತ ಜಾಲಪುಟ ಯೋಜನೆಯ ಮುಖ್ಯಾಧಿಕಾರಿಗಳೇ,

ಮೈಸೂರಿನ ಪ್ರತಿಯೊಬ್ಬರಿಗೂ ಅಂತರ್ಜಾಲದಲ್ಲಿ ಸ್ವಂತದ್ದೊಂದು ಪುಟವನ್ನು ಉಚಿತವಾಗಿ, ಶಾಶ್ವತವಾಗಿ ಕೊಡುತ್ತೇವೆ ಎಂಬ ತಮ್ಮ ಪ್ರಕಟಣೆಯನ್ನು ಓದಿದೆ. ನನಗೆ ನಂಬಿಕೆ ಬರುತ್ತಿಲ್ಲ. ಇದೇ ಮಾತನ್ನು ನಾವು ಮನೆಯವರೆಲ್ಲ ಹಿಂದೊಮ್ಮೆ ನಂಬಿದ್ದೆವು. ಹೇಳಿದವರು ಈಗ ಯಾವ ವಿಳಾಸದಲ್ಲೂ ಸಿಗುವುದಿಲ್ಲ.

ನನ್ನ ತಂಗಿ ಭಾನುಪ್ರಿಯಾಳಿಗೆ ಕಾಲೇಜಿನಲ್ಲಿದ್ದಾಗ ಮುಖದ ಮೇಲೆ ತೊನ್ನು ಕಾಣಿಸಿಕೊಂಡಿತು. ಗೊತ್ತಾಗಿದ್ದ ಮದುವೆ ಮುರಿಯಿತು. ಅವಳು ಹೊಸಿಲು ದಾಟುವುದನ್ನೇ ಬಿಟ್ಟಳು. ತೊಂಬತ್ತರ ದಶಕದ ಕೊನೆಯಲ್ಲಿ ಚಾಮರಾಜಪುರಂನಲ್ಲಿ ಸೈಬರ್ ಸೆಂಟರ್ ಶುರುವಾದಾಗ ನಾನೇ ಬಲವಂತ ಮಾಡಿ ಕರೆದೊಯ್ದೆ. ಆಗ ವಿದೇಶದ ಕಂಪನಿಯೊಂದು ಕೇಳಿದವರಿಗೆಲ್ಲ ಉಚಿತ ಪುಟ ಹಂಚುತ್ತಿತ್ತು. ಪುಟಗಳನ್ನು ಬೀದಿ ಬೀದಿಯಾಗಿ ವಿಂಗಡಿಸಿ, ಮನೆ ನಂಬರಿನಂತೆ ನಂಬರ್ ಕೊಟ್ಟಿದ್ದರು. ಬಂದುಹೋದವರು ಎರಡು ಸಾಲು ಬರೆಯಲು ಅಲ್ಲೇ ಜಾಗವಿತ್ತು. ಪರದೆಯಲ್ಲಿ ಕನ್ನಡ ಮೂಡಿಸುವುದೇ ಹರಸಾಹಸವಾಗಿದ್ದ ಕಾಲ. ಭಾನು ಕಾಗದದ ಮೇಲೆ ಬರೆದು, ಸ್ಕ್ಯಾನ್ ಮಾಡಿಸಿ, ಪೌಡರ್ ಹಚ್ಚದ ಮುಖದ ಫೋಟೊ ಸಹಿತ ತನ್ನ ಕಥೆ ಹಾಕಿದಳು. ಹಾಸನದಿಂದ, ದಾವಣಗೆರೆಯಿಂದ ಹುಡುಗಿಯರು ಬರೆಯತೊಡಗಿದರು. ನನ್ನ ತಂಗಿ ಮತ್ತೆ ನಗುವುದನ್ನು ನಾನು ನೋಡಿದ್ದು ಆ ಸೈಬರ್ ಸೆಂಟರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ.

ಆಮೇಲೆ ಕಂಪನಿ ಕೈ ಬದಲಾಯಿತು. ಅವಳ ಪುಟದ ನೆತ್ತಿಯ ಮೇಲೆ ಮೈ ಬೆಳ್ಳಗಾಗಿಸುವ ಕ್ರೀಮಿನ ಜಾಹೀರಾತು ಕುಣಿಯತೊಡಗಿತು. ತೆಗೆಯಿರಿ ಎಂದು ಬರೆದರೆ ಉತ್ತರವಿಲ್ಲ. ಅಕ್ಕಪಕ್ಕದ ಪುಟದವರು ಹೊಸ ತಾಣಗಳಿಗೆ ಗುಳೆ ಹೋದರು. ಒಂದು ದಿನ ಪುಟವೇ ಇರಲಿಲ್ಲ. ಮುಚ್ಚುವ ಸೂಚನೆ ಕಳಿಸಿದ್ದರಂತೆ, ಅದೂ ಎಂದೋ ಸತ್ತುಹೋಗಿದ್ದ ಅವಳ ಹಳೆಯ ಇಮೇಲ್ ವಿಳಾಸಕ್ಕೆ. ಕಾನೂನು ಪಾಲಿಸಿದ ಹಾಗೂ ಆಯಿತು, ಯಾರಿಗೂ ತಿಳಿಯದ ಹಾಗೂ ಆಯಿತು. ಎಂಥ ಅಚ್ಚುಕಟ್ಟು, ಅಲ್ಲವೇ?

ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೆಲವು ವರ್ಷಗಳ ನಂತರ ಊರಿನ ಖಾಸಗಿ ಚರ್ಮ ಚಿಕಿತ್ಸಾಲಯವೊಂದರ ಗೋಡೆಯ ಮೇಲೆ 'ಚಿಕಿತ್ಸೆಗೆ ಮೊದಲು' ಎಂಬ ಬರಹದ ಕೆಳಗೆ ಭಾನುವಿನ ಅದೇ ಫೋಟೊ ಕಂಡಿತು. 'ನಂತರ' ಎಂದಿದ್ದ ಕಡೆ ಇನ್ಯಾರೋ ಹುಡುಗಿ. ನಾನೂ ಭಾನುವೂ ಒಳಗೆ ಹೋದೆವು.

"ಈ ಫೋಟೊ ಯಾರ್ದಮ್ಮ?" ಎಂದು ಭಾನು ಕೌಂಟರಿನ ಹುಡುಗಿಯನ್ನು ಕೇಳಿದಳು.

"ನಮ್ ಪೇಷಂಟ್‌ದು ಮೇಡಂ. ಪೂರ್ತಿ ವಾಸಿಯಾಗ್ಬುಡ್ತು."

"ನಾನೇ ಕಣಮ್ಮ ಅದು. ವಾಸಿಯಾಗಿಲ್ಲ, ನೋಡು."

ಕಾಯುತ್ತಾ ಕುಳಿತಿದ್ದ ತಾಯಂದಿರು, ಹೆಣ್ಣುಮಕ್ಕಳು ತಲೆಯೆತ್ತಿ ನೋಡಿದರು. ಒಬ್ಬಾಕೆ ಮಗಳ ಕೈ ಹಿಡಿದು ಎದ್ದು ನಡೆದಳು. ಮ್ಯಾನೇಜರ್ ಓಡಿಬಂದು, "ಇಂಟರ್ನೆಟ್‌ನಲ್ಲಿ ಪುಕ್ಕಟೆ ಇತ್ತು ಕಣ್ರೀ, ಅದಕ್ಕೆ ಹಾಕ್ಕೊಂಡ್ವಿ" ಎಂದ. ಫೋಟೊ ಅಂದೇ ಇಳಿಯಿತು. ಆದರೆ ಒಡತಿಗೇ ಸಿಗದಂತೆ ಅಳಿಸಿಹೋದದ್ದು ವ್ಯಾಪಾರಿಗೆ ಹೇಗೆ ಸಿಕ್ಕಿತು, ಮಾನ್ಯರೇ? ನಡುವೆ ಅದನ್ನು ಯಾರು ಯಾರಿಗೆ ದಾಟಿಸಿದರು?

ಕಳೆದ ವಾರ ಭಾನು ನನಗೆ ಹೇಳದೆ ತಮ್ಮ ಯೋಜನೆಗೆ ಹೆಸರು ನೋಂದಾಯಿಸಿದ್ದಾಳೆ. "ಇಷ್ಟೆಲ್ಲ ಆದ್ಮೇಲೂ ಯಾಕೆ ಹೋದೆ?" ಎಂದು ರೇಗಿದೆ.

"ಆ ಪುಟ ಮುಚ್ಚೋಕೆ ಮುಂಚೆ ಅರಸೀಕೆರೆಯಿಂದ ಒಬ್ಬಳು ಬರ್ದಿದ್ಳು ಅಕ್ಕ. ಕಾಲ್ಮೇಲೆ ಬಿಳಿ ಮಚ್ಚೆ ಇದೆ, ಮದ್ವೆಯಾಗೋ ಹುಡುಗನಿಗೆ ಹೇಳ್ಲಾ ಬೇಡ್ವಾ ಅಂತ. ನಾನು ಹೇಳು ಅಂದ್ಬಿಟ್ಟೆ. ಆಮೇಲೆ ಏನಾಯ್ತೋ ಗೊತ್ತಾಗ್ಲೇ ಇಲ್ಲ. ಅವಳು ಹುಡುಕಿದ್ರೆ ನಾನು ಎಲ್ಲಾದ್ರೂ ಸಿಗ್ಬೇಕಲ್ವಾ?"

ಆದ್ದರಿಂದ ತಮ್ಮನ್ನು ಕೇಳುತ್ತಿದ್ದೇನೆ. ಅವಳ ಮುಖ, ಅವಳ ಮಾತು ಅವಳದ್ದೇ ಎಂದು ಬರೆದುಕೊಡಿ. ತಾವು ವರ್ಗವಾಗಿ ಹೋದ ಮೇಲೂ ಆ ಮಾತು ನಿಲ್ಲಬೇಕು. ಮುಂದೆ ಮುಚ್ಚುವುದೇ ಆದರೆ, ಬಂದವರು ಬರೆದ ಪ್ರತಿ ಸಾಲನ್ನೂ ಮೊದಲು ಅವಳ ಕೈಗೆ ಒಪ್ಪಿಸಿ, ಆಮೇಲೆ ಮುಚ್ಚಿ. ಇದನ್ನು ಸಹಿ ಹಾಕಿ ಪತ್ರಿಕೆಯಲ್ಲಿ ಪ್ರಕಟಿಸಿ. ಇಮೇಲ್ ಬೇಡ.

ಇಂತಿ,
ತಮ್ಮನ್ನು ನಂಬಲೂ ಆಗದ, ತಂಗಿಯನ್ನು ತಡೆಯಲೂ ಆಗದ
ರಮಾಮಣಿ
ಚಾಮರಾಜಪುರಂ, ಮೈಸೂರು