ನಿಮ್ಮ ಬಲಗಿವಿಯ ಅಚ್ಚು

ಡ್ರಮ್ ಬಾರಿಸುತ್ತಿದ್ದಾಕೆಗೆ,

ಅರಚೋರು ಅಂದಿರೋ, ಕಿರುಚೋರು ಅಂದಿರೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. "ನಿಮ್ಮೆಜಮಾನ್ರು ಆಗ ನಮ್ಮ ಬ್ಯಾಂಡಲ್ಲಿ ಮೈಕ್ ಹಿಡಿದ್ರೆ ಕಿಟಕಿ ಗಾಜು ಅದುರೋದು ಕಣ್ರೀ" ಎಂದದ್ದಂತೂ ನಿಜ. ಆಗ ನಾನು ನಿಮ್ಮ ಬಲಗಿವಿಯೊಳಗೆ ಗುಲಾಬಿ ಬಣ್ಣದ ಅಂಟು ತುಂಬಿ, ಅದು ಗಟ್ಟಿಯಾಗಲೆಂದು ಕಾಯುತ್ತಿದ್ದೆ. ಅಲುಗಾಡಬೇಡಿ ಎಂದಿದ್ದೆ. ನೀವು ನಕ್ಕಿರಿ. ಅಚ್ಚಿನಲ್ಲಿ ಆ ನಗುವಿನದೊಂದು ಗೆರೆ ಉಳಿದುಬಿಟ್ಟಿತು.

ನನ್ನ ಗಂಡ ಪಕ್ಕದ ಕೋಣೆಯಲ್ಲಿ ಕಿವಿ ಪರೀಕ್ಷಿಸುತ್ತಾನೆ, ನಾನು ಇಲ್ಲಿ ಶ್ರವಣಯಂತ್ರ ಕೂರಿಸಲು ಅಚ್ಚು ತೆಗೆಯುತ್ತೇನೆ. ದಿನವಿಡೀ ಗಾಜಿನಾಚೆಯಿಂದ ಅವನ ಮೆಲುದನಿ: "ಕೇಳಿಸ್ತಾ? ಈಗ?" ನಮ್ಮ ಇಷ್ಟು ವರ್ಷದ ಸಂಸಾರದಲ್ಲಿ ಅವನು ದನಿ ಎತ್ತಿದ್ದಿಲ್ಲ. "ನನ್ನ ತಮ್ಮನ ಬಾಯಲ್ಲಿ ಬೆರಳಿಟ್ರೂ ಕಚ್ಚಲ್ಲ, ಪುಣ್ಯ ಮಾಡಿದ್ದೀಯ ಕಣೆ" ಎನ್ನುತ್ತಾರೆ ನನ್ನ ಅತ್ತಿಗೆ. ಒಮ್ಮೆ, ಅವನು ಒಂದೇ ಒಂದು ಸಲ ಕೂಗಲಿ ಎಂದು ಗಾಜಿನ ತಟ್ಟೆಯನ್ನು ಗೋಡೆಗೆಸೆದಿದ್ದೆ. ಅವನು ಪೊರಕೆ ತಂದ. "ಚಪ್ಪಲಿ ಹಾಕ್ಕೊ, ಚೂರು ಚುಚ್ಚುತ್ತೆ" ಅಂದ. ಅದಕ್ಕಿಂತ ದೊಡ್ಡ ಸೋಲು ನನಗೆ ಗೊತ್ತಿಲ್ಲ.

ಹೋಗುವಾಗ ನೀವು ನಿಮ್ಮ ಬ್ಯಾಂಡಿನ ಹಳೆಯ ಸಿ.ಡಿ.ಯನ್ನು ನನ್ನ ಮೇಜಿನ ಮೇಲಿಟ್ಟಿರಿ. "ಹನ್ನೊಂದೇ ನಿಮಿಷ. ಇಷ್ಟ ಆಗ್ಲಿಲ್ಲ ಅಂದ್ರೂ ಬೇಗ ಮುಗಿಯುತ್ತೆ." ಊಟದ ಹೊತ್ತಿಗೆ ಅವನ ಮುಂದಿಟ್ಟೆ. "ಅಯ್ಯೋ, ಅದಿನ್ನೂ ಇದೆಯಾ!" ಎಂದವನ ಕಿವಿ ಕೆಂಪಾಯಿತು. ಕಿವಿಯನ್ನೇ ನೋಡಿ ಬದುಕುವವಳು ನಾನು. ಆ ಕೆಂಪನ್ನು ಮಾತ್ರ ಹಿಂದೆ ನೋಡಿರಲಿಲ್ಲ.

ಮರುದಿನ ಅವನು ಹೊರಗೆ ಹೋದಾಗ ಪರೀಕ್ಷೆಗೆ ರೋಗಿಯನ್ನು ಕೂರಿಸುವ ಗೂಡಿನೊಳಗೆ ಬಾಗಿಲು ಹಾಕಿಕೊಂಡು ಕೇಳಿದೆ. ಎಷ್ಟು ಕೂಗಿದರೂ ಸದ್ದು ಆಚೆ ಹೋಗದ ಗೂಡು ಅದು. ಮೆಟಲ್ ಸಂಗೀತ ನಾನು ಕೇಳಿಲ್ಲವೆಂದಲ್ಲ. ಆದರೆ ಇದು ಸಂಗೀತವನ್ನು ಕೊಂದವರು ಶವದ ಮೇಲೆ ನಡೆಸಿದ ಕೆಲಸದಂತಿತ್ತು. ಗಿಟಾರು ತಗಡು ಕೊಯ್ಯುತ್ತಿತ್ತು. ನಿಮ್ಮ ಡ್ರಮ್ಮು, ಲಾರಿಯಿಂದ ಜಲ್ಲಿ ಸುರಿದಂತೆ. ಒಂದು ಹಾಡಂತೂ ಸೀನು ಬಂದು ಹೋದಷ್ಟು ಹೊತ್ತೂ ಇರಲಿಲ್ಲ. ಅದರ ಮೇಲೆ ಅವನು. ಮತ್ತೆ ಮತ್ತೆ ಹಾಕಿಕೊಂಡರೂ ಒಂದು ಪದ ತಿಳಿಯಲಿಲ್ಲ, ಒಂದು ಹೆಸರು ಸಿಗಲಿಲ್ಲ. ನನ್ನ ಗಂಡ ಗಂಟಲು ಹರಿದುಕೊಳ್ಳುತ್ತಿದ್ದ, ಅಷ್ಟೆ. ಅವನಿಗೆ ಯಾರು ಏನು ಮಾಡಿದ್ದರು? ಅಥವಾ ಯಾರೂ ಏನೂ ಮಾಡದೆಯೇ, ಸುಮ್ಮನೆ, ನಿಮ್ಮೆದುರು ಹಾಗಿರಲು ಅವನಿಗೆ ಸಲೀಸಾಗಿತ್ತೇ?

ಹೆಂಗಸರು ಗಂಡನ ಹಳೆಯ ಪ್ರೀತಿಗೆ ಹೊಟ್ಟೆ ಉರಿದುಕೊಳ್ಳುತ್ತಾರೆ. ನಾನು ಅವನ ಹಳೆಯ ಸಿಟ್ಟಿಗೆ ಉರಿದುಕೊಂಡೆ. ಇದ್ದಬದ್ದ ಕೂಗನ್ನೆಲ್ಲ ನಿಮ್ಮ ಹತ್ತಿರ ಖಾಲಿ ಮಾಡಿ, ಉಳಿದ ಪಿಸುಮಾತನ್ನು ಹೊತ್ತು ನನ್ನಲ್ಲಿಗೆ ಬಂದನೆಂದು ಅನ್ನಿಸಿತು.

ಆಮೇಲೆ ಅಚ್ಚು ಉಜ್ಜಲು ಕೂತೆ. ಅಂಚನ್ನು ಸ್ವಲ್ಪ ಒರಟಾಗಿ ಬಿಟ್ಟರೆ ಸಾಕು, ಯಂತ್ರ ಸಿಳ್ಳೆ ಹೊಡೆಯುತ್ತದೆ, ಸಂಜೆಯೊಳಗೆ ಕಿವಿ ನೋಯುತ್ತದೆ. ಬೇರೊಬ್ಬಳ ಕಿವಿ ಹಿಂಡಲು ಇಂಥ ಅನುಕೂಲ ಎಷ್ಟು ಜನಕ್ಕಿದೆ ಹೇಳಿ! ಬಹಳ ಹೊತ್ತು ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದೆ. ಕೊನೆಗೆ ನುಣುಪು ಮಾಡಿದೆ. ನಗುವಿನ ಆ ಗೆರೆಯನ್ನೂ ಉಜ್ಜಿ ತೆಗೆದೆ. ಅದು ಕೆಲಸಕ್ಕೆ ಬೇಕಾದದ್ದೇ. ಹೊಟ್ಟೆಕಿಚ್ಚಿಗೂ ಬೇಕಾಗಿತ್ತು.

ಇಷ್ಟಾದರೆ ಈ ಪತ್ರ ಬರೆಯುತ್ತಿರಲಿಲ್ಲ. ಇವತ್ತು ಇನ್ನೊಮ್ಮೆ ಕೇಳುವಾಗ ಸಿ.ಡಿ.ಯನ್ನು ನಿಲ್ಲಿಸುವುದು ಮರೆತೆ. ಕೊನೆಯ ಹಾಡಿನ ಗದ್ದಲ ಕತ್ತರಿಸಿದಂತೆ ನಿಂತ ಮೇಲೆ ನಿಮ್ಮ ಕಂಚಿನ ತಾಳದ ಗುಂಯ್ ಎನ್ನುವ ಸದ್ದು ಸ್ವಲ್ಪ ಉಳಿಯುತ್ತದೆ. ಕೋಲು ಕೆಳಗಿಟ್ಟ ಸದ್ದು, ನೀವೇ ಇರಬೇಕು. ಆಗ ಅವನು, ಉಸಿರು ಇನ್ನೂ ತಹಬಂದಿಗೆ ಬರದೆ, ಮೆತ್ತಗೆ ಕೇಳುತ್ತಾನೆ: "ಆಯ್ತಾ?"

ನಾನು ಮಲಗುವ ಮುಂಚೆ ಓದುತ್ತೇನೆ. ಅವನು ದೀಪದ ಗುಂಡಿಯ ಮೇಲೆ ಬೆರಳಿಟ್ಟು, ನನ್ನ ಪುಟ ಮುಗಿಯುವ ತನಕ ಕಾದು, ಇದೇ ದನಿಯಲ್ಲಿ ಇದನ್ನೇ ಕೇಳುತ್ತಾನೆ. ರೋಗಿಗಳಿಗೆ "ಕೇಳಿಸ್ತಾ", ನನಗೆ "ಆಯ್ತಾ". ಆ ಎರಡಕ್ಷರ ನನ್ನದೊಬ್ಬಳದೇ ಎಂದುಕೊಂಡಿದ್ದೆ. ಕೂಗನ್ನು ನೀವೇ ಇಟ್ಟುಕೊಳ್ಳಿ, ಅದಕ್ಕೆ ಈಗ ನನ್ನ ತಕರಾರಿಲ್ಲ.

ಅಚ್ಚು ಸಿದ್ಧವಾಗಿದೆ, ಬಂದು ಹಾಕಿಸಿಕೊಳ್ಳಿ. ಎಲ್ಲೂ ಚುಚ್ಚುವುದಿಲ್ಲ. ಬಹಳ ದಿನದ ಮೇಲೆ ತೆರೆಯುವ ಕಿವಿಗೆ ಒಳ್ಳೆಯ ಮಾತೇ ಬೀಳಲಿ.

ಇತಿ,
ಅಚ್ಚು ತೆಗೆಯುವವಳು

ಸಿ.ಡಿ. ಅವನ ಪ್ರಶ್ನೆಗೇ ಮುಗಿದುಹೋಗುತ್ತದೆ. ಆಗ ನಿಮಗೆ ಎರಡೂ ಕಿವಿ ಕೇಳಿಸುತ್ತಿತ್ತಲ್ಲ. ನೀವು ಏನೆಂದಿರಿ?