ಗಡ್ಡ ತಲೆಗೇರಿದವನ ಪಾಸ್‌ಪೋರ್ಟ್

ದುಬೈ, 9 ಮಾರ್ಚ್ 2008

ಮುಖ ನೋಡಿ ಮನುಷ್ಯನನ್ನು ಅಳೆಯಬಲ್ಲ ಪಾಸ್‌ಪೋರ್ಟ್ ಅಧಿಕಾರಿಗಳಾದ ಮಾನ್ಯರೇ,

ನಾನು ನಾನಲ್ಲವೆಂದು ತಮ್ಮ ಕಚೇರಿ ತೀರ್ಮಾನಿಸಿ ಇಂದಿಗೆ ಐದು ವಾರ. ಇಲ್ಲಿಯ ನೈಫ್ ಪೇಟೆಯ ಅತ್ತರಿನ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ ನಿಂತೇ ದುಡಿದವನಿಗೆ ತಮ್ಮ ಸಾಲಿನಲ್ಲಿ ನಿಲ್ಲುವುದೇನೂ ಕಷ್ಟವಲ್ಲ. ಆದರೆ ಇದೇ ಇಪ್ಪತ್ತೆಂಟಕ್ಕೆ ಊರಿನಲ್ಲಿ ನನ್ನ ಒಬ್ಬಳೇ ಮಗಳು ಹಸ್ನಾಳ ನಿಖಾಹ್. ನನ್ನ ಪಾಸ್‌ಪೋರ್ಟಿನ ಅವಧಿ ಮುಗಿದಿದೆ. ನವೀಕರಣದ ಅರ್ಜಿ ತಮ್ಮ ಮೇಜಿನ ಮೇಲೆ ಮಲಗಿದೆ.

ತಪ್ಪು ನನ್ನದೇ ಎನ್ನಿ. ಹತ್ತು ವರ್ಷದ ಹಿಂದಿನ ಫೋಟೋದಲ್ಲಿ ನನಗೆ ಬೋಳುತಲೆ, ಎದೆ ಮುಟ್ಟುವ ಗಡ್ಡ. ಎರಡು ವರ್ಷದ ಹಿಂದೆ ರಜೆಯಲ್ಲಿ ಊರಿಗೆ ಹೋದಾಗ ಮದುವೆಮನೆಯೊಂದರಲ್ಲಿ ಯಾರೋ ಹೆಂಗಸು ನನ್ನ ಹೆಂಡತಿ ಖದೀಜಳನ್ನು ಕೇಳಿದಳು, "ಇವರು ನಿಮ್ಮ ತಂದೆಯಾ?" ಖದೀಜ ನಕ್ಕಳು. ನನಗೆ ನಗು ಬರಲಿಲ್ಲ. ಮಗಳ ನಿಖಾಹಿನ ದಿನವಾದರೂ ಅಜ್ಜನಂತಲ್ಲ, ಅಪ್ಪನಂತೆ ಕಾಣಬೇಕೆಂದು ಇಲ್ಲಿಯ ಕ್ಲಿನಿಕ್ಕೊಂದಕ್ಕೆ ಹೋದೆ. ತಲೆಯ ಹಿಂಬದಿಯಲ್ಲಿ ಸಾಕಷ್ಟು ಕೂದಲಿಲ್ಲವೆಂದು ವೈದ್ಯರು ಗಡ್ಡದಿಂದಲೂ ಎದೆಯಿಂದಲೂ ಒಂದೊಂದೇ ಕೂದಲನ್ನು ಬೇರುಸಹಿತ ಕಿತ್ತು ನೆತ್ತಿಯಲ್ಲಿ ನಾಟಿ ಮಾಡಿದರು. ನೆತ್ತಿ ಗುಂಗುರು ಗುಂಗುರಾಗಿ ತುಂಬಿತು. ಕಿತ್ತ ಕಡೆ ಗಡ್ಡ ಮರಳಿ ಬರಲಿಲ್ಲ. ಉಳಿದ ನಾಲ್ಕೆಳೆಯನ್ನು ನಾನೇ ಬೋಳಿಸಿದೆ. ಇದ್ದದ್ದೂ ಹೋಯಿತು ಮದ್ದಿನ ಗುಣದಿಂದ.

ಕೌಂಟರಿನ ಗುಮಾಸ್ತರು ಹಳೆಯ ಫೋಟೋ, ಹೊಸ ಫೋಟೋ ಎರಡನ್ನೂ ನೋಡಿ, "ಇದು ನೀವಲ್ಲ. ತಲೆ ಬೋಳಿಸ್ಕೊಂಡು ಬನ್ನಿ, ನೋಡುವ" ಎಂದರು. ಮಗಳನ್ನು ನೆನೆದು ಅದನ್ನೂ ಮಾಡಿದೆ. ಈಗ ಬೋಳುತಲೆಯಿತ್ತು, ಗಡ್ಡವಿರಲಿಲ್ಲ. ಅವರು ಇನ್ನೊಂದು ಫೋಟೋ ಇಸಿದುಕೊಂಡು, ಮೂರನ್ನೂ ಸಾಲಾಗಿಟ್ಟು, "ಇವ ಮೂರನೇ ಮನುಷ್ಯ" ಎಂದರು. ಮಾನ್ಯರೇ, ಈ ಮೂವರಲ್ಲಿ ಯಾರಾದರೊಬ್ಬರನ್ನು ಊರಿಗೆ ಕಳುಹಿಸಬಾರದೇ? ಮೂವರಿಗೂ ಮಗಳು ಒಬ್ಬಳೇ.

ನನ್ನ ಗಡ್ಡ ತಲೆತಪ್ಪಿಸಿಕೊಂಡು ಓಡಿಹೋಗಿಲ್ಲ. ಗಲ್ಲದಿಂದ ನೆತ್ತಿಗೆ ವರ್ಗವಾಗಿದೆ, ಅಷ್ಟೆ. ವರ್ಗಾವಣೆಯೆಂದರೇನೆಂದು ಸರ್ಕಾರಿ ನೌಕರರಿಗೆ ನಾನು ಬಿಡಿಸಿ ಹೇಳಬೇಕೇ?

"ಉಪ್ಪಾ, ನಿಮ್ಮ ತಲೆ ಹೇಗಿದ್ರೂ ನನಗೆ ಗುರ್ತ ಉಂಟಲ್ಲ, ನೀವು ಬಂದ್ರೆ ಸಾಕು" ಎಂದು ಹಸ್ನಾ ಮೊನ್ನೆ ಫೋನಿನಲ್ಲಿ ಅತ್ತಳು. ನಮ್ಮ ನಿಖಾಹಿನಲ್ಲಿ ತಂದೆ ಅಳಿಯನ ಕೈ ಹಿಡಿದು ಮಗಳನ್ನು ಒಪ್ಪಿಸಬೇಕು. ಅದನ್ನು ಮಸೀದಿಯ ಖತೀಬರಿಗೆ ವಹಿಸಲು ಅವಕಾಶವಿದೆ. ನನಗೆ ಮನಸ್ಸಿಲ್ಲ.

ಮುಖದ ವಿಚಾರ ಬಿಡಿ, ನನಗೂ ಸಾಕಾಗಿದೆ. ಹಳೆಯ ಅರ್ಜಿಯ ಸಹಿಯನ್ನೂ ಈಗಿನದನ್ನೂ ಹೋಲಿಸಿ, ಇಪ್ಪತ್ತೆಂಟರೊಳಗೆ ಪಾಸ್‌ಪೋರ್ಟ್ ಕೊಡಿ. ಕೈ ಅದೇ ಇದೆ. ನಿಖಾಹಿನಲ್ಲಿ ಬೇಕಾಗಿರುವುದೂ ಅದೊಂದೇ.

ಇಂತಿ,
ತಮ್ಮ ಲೆಕ್ಕದಲ್ಲಿ ಮೂವರು, ಹಸ್ನಾಳ ಲೆಕ್ಕದಲ್ಲಿ ಒಬ್ಬನೇ ಆದ
ಹಂಝ